ಕಸೂತಿ ಕಿಟ್: ಬಿಚ್ಚುವ ತಪ್ಪು ಯಾವುದು, ಬಿಡುವ ತಪ್ಪು ಯಾವುದು

ಹೊಸದಾಗಿ ಕಸೂತಿ ಕಲಿಯುವವರಿಗೆಂದು ಆನ್‌ಲೈನ್ ಅಂಗಡಿಗಳಲ್ಲೂ ಕರಕುಶಲ ಮೇಳಗಳಲ್ಲೂ ಈಗ ಸಿಗುವ ಕಿಟ್‌ಗಳ ಹೆಸರು ಬೇರೆ ಬೇರೆ, ಒಳಗಿನ ಸಾಮಾನು ಹೆಚ್ಚುಕಡಿಮೆ ಒಂದೇ. 12 ಇಂಚು ಚೌಕದ ಕಪ್ಪು ಐಡಾ ಬಟ್ಟೆ, ಆರು ಲಡಿ ಹತ್ತಿ ದಾರ, ಎರಡು ಸೂಜಿ, 6 ಇಂಚಿನ ಮರದ ರಿಂಗು, ಗೋಪುರ, ತುಳಸಿಕಟ್ಟೆ, ನವಿಲು, ಆನೆ-ಅಂಬಾರಿಯ ನಕ್ಷೆಗಳಿರುವ ಚೌಕಳಿ ಹಾಳೆ, ಒಂದು ಪುಟದ ಸೂಚನೆ. ಡಬ್ಬಿಯ ಮೇಲೆ ಮನಸ್ಸಿಗೆ ವಿಶ್ರಾಂತಿ ಸಿಗುತ್ತದೆ ಎಂಬ ಭರವಸೆ. ಹಾಗಾಗಿ ಇದು ಯಾವುದೋ ಒಂದು ಕಂಪನಿಯ ಡಬ್ಬಿಯ ವಿಮರ್ಶೆಯಲ್ಲ, ಈ ಮಾದರಿಯ ಕಿಟ್‌ನದು.

ಸಾಮಾನಿನ ಬಗ್ಗೆ ದೊಡ್ಡ ತಕರಾರಿಲ್ಲ. ತಕರಾರು ಇರುವುದು ಆ ಒಂದು ಪುಟದ ಸೂಚನೆಯ ಬಗ್ಗೆ. ‘ಕಸೂತಿಯ ಹಿಂಬದಿ ಮತ್ತು ಮುಂಬದಿ ಒಂದೇ ರೀತಿ ಕಾಣಬೇಕು, ಎಲ್ಲಿಯೂ ಗಂಟು ಇರಬಾರದು’ ಎಂದು ಮೊದಲ ಸಾಲಿನಲ್ಲೇ ಹೇಳುತ್ತದೆ. ಬಟ್ಟೆಯ ಚೌಕ ಎಣಿಸಿ ಹಾಕುವ ಈ ಕೆಲಸದಲ್ಲಿ ಎಣಿಕೆ ತಪ್ಪಿದರೆ ಏನು ಮಾಡಬೇಕು, ಯಾವ ತಪ್ಪನ್ನು ಬಿಚ್ಚಬೇಕು, ಯಾವುದನ್ನು ಹಾಗೇ ಬಿಟ್ಟು ಮುಂದೆ ಹೋಗಬೇಕು ಎಂಬುದರ ಬಗ್ಗೆ ಒಂದು ಮಾತೂ ಇಲ್ಲ. ಯಾವ ಕೆಲಸ ಹಿಡಿದರೂ ಎಳ್ಳಷ್ಟೂ ತಪ್ಪಬಾರದು ಎಂಬ ಸ್ವಭಾವದವರ ಕೈಗೆ ಈ ಕಿಟ್ ಕೊಟ್ಟರೆ ವಿಶ್ರಾಂತಿಯಂತೂ ಸಿಗುವುದಿಲ್ಲ. ಹಾಕಿದ್ದನ್ನು ಬಿಚ್ಚುವುದು, ಬಿಚ್ಚಿದ್ದನ್ನು ಹಾಕುವುದೇ ಆಗುತ್ತದೆ. ಬಟ್ಟೆ ನವೆಯುತ್ತದೆ, ಡಬ್ಬಿ ಅಟ್ಟ ಸೇರುತ್ತದೆ. ತಮಾಷೆಯೆಂದರೆ, ತಪ್ಪಿನ ಜೊತೆ ಹೇಗೆ ಬಾಳುವುದು ಎಂಬುದನ್ನು ಕಲಿಯಲು ಎಣಿಕೆಯ ಈ ಕಸುಬಿನಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಇಲ್ಲಿ ಯಾವ ತಪ್ಪು ಬೆಳೆಯುತ್ತದೆ, ಯಾವುದು ಇದ್ದಲ್ಲೇ ಇರುತ್ತದೆ ಎಂಬುದನ್ನು ಬೆರಳಿಟ್ಟು ತೋರಿಸಬಹುದು.

ಡಬ್ಬಿಯೊಳಗೆ

ಐಡಾ ಬಟ್ಟೆಯಲ್ಲಿ ನೂಲುಗಳನ್ನು ಗುಂಪುಗುಂಪಾಗಿ ನೇಯ್ದು ಚೌಕ ಮಾಡಿರುತ್ತಾರೆ. ಚೌಕದ ನಾಲ್ಕು ಮೂಲೆಯಲ್ಲೂ ಕಣ್ಣಿಗೆ ಕಾಣುವ ತೂತು. 14 ಕೌಂಟ್ ಎಂದರೆ ಒಂದು ಇಂಚಿಗೆ 14 ಚೌಕ, ಒಂದು ಚೌಕ ಸುಮಾರು 1.8 ಮಿಲಿಮೀಟರ್. 56 ಚೌಕದ ನಕ್ಷೆ ಬಟ್ಟೆಯ ಮೇಲೆ 4 ಇಂಚು ಬರುತ್ತದೆ. 12 ಇಂಚಿನ ಬಟ್ಟೆಯಲ್ಲಿ ಸುತ್ತ ಎರಡೆರಡು ಇಂಚು ಅಂಚು ಬಿಟ್ಟರೆ ಉಳಿಯುವುದು 8 ಇಂಚು, ಅಂದರೆ 112 ಚೌಕ. ಕಿಟ್‌ನ ನಕ್ಷೆ ಅದಕ್ಕಿಂತ ಅಗಲವಿದ್ದರೆ ಅಂಬಾರಿಯ ತುದಿ ಚೌಕಟ್ಟಿನ ಕೆಳಗೆ ಹೋಗುತ್ತದೆ. ಹೊಲಿಯಲು ಕೂರುವ ಮೊದಲು ನಕ್ಷೆಯ ಅಗಲ ಎಣಿಸಿ 14ರಿಂದ ಭಾಗಿಸಿ ನೋಡಿ.

ಶಾಲೆಯ ಹೊಲಿಗೆ ಪೀರಿಯಡ್ಡಿನಿಂದ ಪರಿಚಯವಿರುವ ಮ್ಯಾಟಿ ಬಟ್ಟೆಯನ್ನೂ ಬಳಸಬಹುದು. ಅದು ಅಗ್ಗ, ಮೆತ್ತಗೆ. ಆದರೆ ಕೆಲವು ತಾನುಗಳಲ್ಲಿ ಹಾಸಿನ ಕಡೆ ಇಂಚಿಗೆ ಇರುವ ಎಣಿಕೆ ಹೊಕ್ಕಿನ ಕಡೆ ಇರುವುದಿಲ್ಲ. ಆಗ ಚೌಕದ ನಕ್ಷೆ ಆಯತವಾಗುತ್ತದೆ, ನವಿಲು ಕುಳ್ಳಗಾಗುತ್ತದೆ. ಅದು ಕೈಯ ತಪ್ಪಲ್ಲ, ಬಟ್ಟೆಯದು. ಅಂಗಡಿಯಲ್ಲೇ ಎರಡೂ ಕಡೆ ಸ್ಕೇಲ್ ಇಟ್ಟು ಎಣಿಸಿ ತನ್ನಿ.

ಕಿಟ್‌ನ ಅತಿ ಕೆಟ್ಟ ಆಯ್ಕೆ ಕಪ್ಪು ಬಣ್ಣ. ಕಸೂತಿ ಹಾಕುವ ಸಾಂಪ್ರದಾಯಿಕ ಕಪ್ಪು ಸೀರೆಯಾದ ಚಂದ್ರಕಾಳಿಯ ನೆನಪಿಗೆ ಆ ಬಣ್ಣ ಕೊಡುತ್ತಾರೆ, ಫೋಟೋದಲ್ಲಿ ಚೆಂದ ಕಾಣುತ್ತದೆ, ಒಪ್ಪಿದೆ. ಆದರೆ ಕಲಿಯುವವರಿಗೆ ಕಪ್ಪು ಬಟ್ಟೆಯ ತೂತು ಕಾಣುವುದಿಲ್ಲ. ಟ್ಯೂಬ್‌ಲೈಟ್ ಕೆಳಗೆ ಕೂತರಂತೂ ಪ್ರತಿ ಹತ್ತು ಚೌಕಕ್ಕೆ ಒಂದು ತಪ್ಪುವುದು ಖಚಿತ, ಆಮೇಲೆ ‘ನನ್ನ ಕೈಯಲ್ಲಿ ಇದೆಲ್ಲ ಆಗಲ್ಲ’ ಎಂಬ ತೀರ್ಮಾನ. ಬೆಳಕಿನ ತಪ್ಪನ್ನು ತನ್ನ ಮೇಲೆ ಹಾಕಿಕೊಳ್ಳುವುದು ಈ ಸ್ವಭಾವದವರ ಮೊದಲ ಚಾಳಿ. ಮೊದಲ ಕೆಲಸಕ್ಕೆ ಕೆನೆಬಣ್ಣದ ಬಟ್ಟೆ, ಕೆಂಪು ದಾರ ತೆಗೆದುಕೊಳ್ಳಿ. ಕಪ್ಪೇ ಬೇಕೆಂದರೆ ಹಗಲು ಬೆಳಕಿನಲ್ಲಿ, ತೊಡೆಯ ಮೇಲೆ ಬಿಳಿ ಪಂಚೆಯನ್ನೋ ಟವೆಲನ್ನೋ ಹಾಸಿಕೊಂಡು ಕೂರಿ. ಕೆಳಗಿನ ಬಿಳುಪು ತೂತಿನಿಂದ ಮೇಲೆ ಕಾಣುತ್ತದೆ.

ದಾರ ಆರು ಎಳೆಯದು, ಒಂದು ಲಡಿಗೆ ಸಾಮಾನ್ಯವಾಗಿ 8 ಮೀಟರ್. ಆಂಕರ್, ಡಿಎಂಸಿ ಎರಡೂ ಕಂಪನಿಗಳ ದಾರ ಇದೇ ಅಳತೆಯಲ್ಲಿ ಬರುತ್ತದೆ. 14 ಕೌಂಟ್ ಬಟ್ಟೆಗೆ ಎರಡೆಳೆ ಸಾಕು. ಆರೂ ಎಳೆಯನ್ನು ಒಟ್ಟಿಗೆ ಸೀಳಲು ಹೋದರೆ ಗೋಜಲಾಗುತ್ತದೆ. ಒಂದೊಂದೇ ಎಳೆಯನ್ನು ಮೇಲಕ್ಕೆ ಎಳೆದು ತೆಗೆದು, ಆಮೇಲೆ ಎರಡನ್ನು ಜೋಡಿಸಿ. ಉದ್ದ 45 ಸೆಂಟಿಮೀಟರ್, ಅಂದರೆ ಹೆಚ್ಚುಕಡಿಮೆ ಒಂದು ಮೊಳ. ಅದಕ್ಕಿಂತ ಉದ್ದ ಇಟ್ಟರೆ ತೂತಿನಲ್ಲಿ ಹಾದು ಹಾದು ದಾರ ಜುಂಜಾಗುತ್ತದೆ. ಲೆಕ್ಕ ಹಾಕಿ: 8 ಮೀಟರಿಗೆ 17 ತುಂಡು, ಒಂದೊಂದು ತುಂಡಿನಲ್ಲಿ ಮೂರು ಜೋಡಿ, ಒಟ್ಟು 51 ಸೂಜಿದಾರ. ಒಂದು ಸೂಜಿದಾರದಲ್ಲಿ ಬಾಲಗಳನ್ನು ಬಿಟ್ಟು ಸುಮಾರು 80 ಚೌಕದಷ್ಟು ಗೆರೆಯನ್ನು ಹೋಗಿ-ಬಂದು ತುಂಬಬಹುದು. ಆದ್ದರಿಂದ ಬಿಚ್ಚಿದ ದಾರವನ್ನು ಉಳಿಸಿ ಮತ್ತೆ ಪೋಣಿಸುವ ಜಿಪುಣತನ ಬೇಡ. ಬಿಚ್ಚಿದ ದಾರದ ಹುರಿ ಹೋಗಿರುತ್ತದೆ, ಮಿರುಗು ಹೋಗಿರುತ್ತದೆ. ಅದರಲ್ಲಿ ಹಾಕಿದ ಹೊಲಿಗೆ ಅಕ್ಕಪಕ್ಕದ ಹೊಲಿಗೆಗಿಂತ ಮಂಕಾಗಿ ಕಂಡು, ಅದನ್ನೂ ಬಿಚ್ಚುವ ಮನಸ್ಸಾಗುತ್ತದೆ.

ಸೂಜಿ 24 ನಂಬರಿನ ಮೊಂಡು ತುದಿಯದು ಬೇಕು. ನಂಬರ್ ಹೆಚ್ಚಿದಷ್ಟೂ ಸೂಜಿ ಸಣ್ಣ. 18 ಕೌಂಟ್ ಬಟ್ಟೆಗೆ 26 ಸರಿ. ಕೆಲವು ಡಬ್ಬಿಗಳಲ್ಲಿ ಚೂಪು ತುದಿಯ ಸೂಜಿ ಇರುತ್ತದೆ. ಅದು ತೂತು ಬಿಟ್ಟು ನೂಲನ್ನೇ ಚುಚ್ಚುತ್ತದೆ, ವಾಪಸ್ ಬರುವಾಗ ಮೊದಲು ಹಾಕಿದ ದಾರವನ್ನು ಸೀಳುತ್ತದೆ. ಸೀಳಿದ ಹೊಲಿಗೆಯನ್ನು ಎಳೆದು ಬಿಚ್ಚಲು ಬರುವುದಿಲ್ಲ, ಕತ್ತರಿಸಲೇಬೇಕು. ರಿಂಗಿನ ಬಗ್ಗೆ ಹೇಳುವುದು ಒಂದೇ: ಎದ್ದಾಗೆಲ್ಲ ಬಿಚ್ಚಿಡಿ. ರಾತ್ರಿಯಿಡೀ ಬಿಟ್ಟರೆ ಉಂಗುರದ ಗುರುತು ಇಸ್ತ್ರಿಗೂ ಸುಲಭಕ್ಕೆ ಹೋಗದು.

ಸೂಚನೆಯ ಹಾಳೆ ಎಲ್ಲಿ ತಪ್ಪುತ್ತದೆ

ಕಸೂತಿಯಲ್ಲಿ ನಾಲ್ಕು ಬಗೆ ಹೊಲಿಗೆ: ಗವಂತಿ, ಮುರಗಿ, ನೇಯ್ಗಿ, ಮೆಂತಿ. ಹಿಂದೆ-ಮುಂದೆ ಒಂದೇ ಥರ ಬರುವುದು ಮೊದಲ ಎರಡರಲ್ಲಿ ಮಾತ್ರ. ನೇಯ್ಗಿಯಲ್ಲಿ ಮುಂದೆ ದಾರ ಇರುವಲ್ಲಿ ಹಿಂದೆ ಖಾಲಿ, ಮುಂದೆ ಖಾಲಿ ಇರುವಲ್ಲಿ ಹಿಂದೆ ದಾರ. ನಕ್ಷೆ ತಿರುವುಮುರುವಾಗಿಯೇ ಬರಬೇಕು. ಮೆಂತಿಯಲ್ಲಿ ಮುಂದೆ ಗುಣಾಕಾರದ ಗುರುತು, ಹಿಂದೆ ಬರೀ ಗೆರೆ. ಅಂದರೆ ಹಾಳೆಯ ಮೊದಲ ನಿಯಮವನ್ನು ನಾಲ್ಕರಲ್ಲಿ ಎರಡು ಹೊಲಿಗೆಗಳಲ್ಲಿ ಯಾರೂ ಪಾಲಿಸಲು ಸಾಧ್ಯವಿಲ್ಲ, ಐವತ್ತು ವರ್ಷ ಕಸೂತಿ ಹಾಕಿದವರೂ ಸಹ. ಅಂಬಾರಿಯ ಹೊಟ್ಟೆ ತುಂಬಲು ನೇಯ್ಗಿ ಹಾಕಿ, ಬಟ್ಟೆ ಮಗುಚಿ, ‘ಹಿಂದೆ ಬೇರೆ ಥರ ಬಂದಿದೆಯಲ್ಲ’ ಎಂದು ಬಿಚ್ಚಿದವರ ಶ್ರಮವೆಲ್ಲ ಈ ಅರ್ಧ ಸತ್ಯದ ಲೆಕ್ಕಕ್ಕೆ.

ನಿಯಮಕ್ಕೆ ಕಾರಣವೂ ಇತ್ತು. ಸೆರಗು ಗಾಳಿಗೆ ಮಗುಚುತ್ತದೆ, ಹೊದ್ದಾಗ ಎರಡೂ ಮೈ ಹೊರಗೆ ಕಾಣುತ್ತದೆ. ಇಳಕಲ್ ಸೀರೆಯ ಸೆರಗಿಗೆ ಅಸ್ತರಿ ಹಾಕುವುದಿಲ್ಲ. ಅಲ್ಲಿ ಹಿಂಬದಿಯೂ ಮುಂಬದಿಯೇ. ಅದೇ ಕಸೂತಿಯನ್ನು ಗೋಡೆಯ ಚೌಕಟ್ಟಿಗೆ, ದಿಂಬಿನ ಕವರಿಗೆ, ಅಸ್ತರಿ ಇರುವ ಚೀಲಕ್ಕೆ ಹಾಕಿದರೆ ಹಿಂಬದಿಯನ್ನು ನೋಡುವವರು ಯಾರು? ಕಿಟ್‌ನಲ್ಲಿ ಇರುವುದು ಗೋಡೆಗೆ ಹಾಕುವ 12 ಇಂಚಿನ ತುಂಡು, ಹಾಳೆಯಲ್ಲಿ ಇರುವುದು ಸೆರಗಿನ ನಿಯಮ. ಎಲ್ಲಿಗೆ ಎಷ್ಟು ಚೊಕ್ಕತನ ಬೇಕು ಎಂಬುದನ್ನು ವಸ್ತುವಿನ ಬಳಕೆ ಹೇಳುತ್ತದೆ. ಅದನ್ನು ಬಿಟ್ಟು ಎಲ್ಲದಕ್ಕೂ ಅತಿ ಕಠಿಣವಾದ ಅಳತೆಯನ್ನೇ ಹಿಡಿಯುವುದಕ್ಕೆ ಶ್ರದ್ಧೆ ಎಂಬ ಹೆಸರು ಸಲ್ಲದು.

ಇನ್ನು ಗವಂತಿ. ಹಾಳೆ ‘ಒಂದು ಬಿಟ್ಟು ಒಂದು ಹೊಲಿದು, ವಾಪಸ್ ಬರುತ್ತಾ ಖಾಲಿ ತುಂಬಿ’ ಎಂದು ಹೇಳಿ ಕೈತೊಳೆದುಕೊಳ್ಳುತ್ತದೆ. ನೇರ ಗೆರೆಗೆ ಅಷ್ಟು ಸಾಕು. ಮುಚ್ಚಿದ ಆಕಾರ ಬಂದಾಗ ಜನ ಸಿಕ್ಕಿಬೀಳುತ್ತಾರೆ. ಒಂದು ಪುಟ್ಟ ಚೌಕ ಎಂದರೆ ನಾಲ್ಕು ಹೊಲಿಗೆ: ದಾರ ಬಟ್ಟೆಯ ಮುಂದೆ, ಹಿಂದೆ, ಮುಂದೆ, ಹಿಂದೆ. ಶುರು ಮಾಡಿದ ತೂತಿಗೆ ಬಂದಾಗ ಸೂಜಿ ಮತ್ತೆ ಮುಂಬದಿಯಲ್ಲಿರುತ್ತದೆ. ಅದೇ ದಿಕ್ಕಿನಲ್ಲಿ ಎರಡನೇ ಸುತ್ತು ಹೊರಟರೆ ಮೊದಲು ದಾರ ಬಿದ್ದ ಕಡೆಯೇ ಮತ್ತೆ ದಾರ ಬಿದ್ದು, ಖಾಲಿ ಇದ್ದದ್ದು ಖಾಲಿಯೇ ಉಳಿಯುತ್ತದೆ. ನೆಟ್ಟಗಿನ ಮತ್ತು ಅಡ್ಡ ಹೊಲಿಗೆಗಳಿಂದಲೇ ಮುಚ್ಚುವ ಯಾವ ಆಕಾರದಲ್ಲಾದರೂ ಹೊಲಿಗೆಗಳ ಸಂಖ್ಯೆ ಸಮಸಂಖ್ಯೆಯೇ ಆಗುವುದರಿಂದ ಈ ತೊಡಕು ತಪ್ಪದು. ಪರಿಹಾರ ಸರಳ: ಸುತ್ತು ಮುಗಿದ ಕೂಡಲೇ ದಿಕ್ಕು ಬದಲಿಸಿ, ಬಂದ ದಾರಿಯಲ್ಲೇ ಹಿಂದಿರುಗಿ. ಕವಲು ಬಂದಲ್ಲಿ ಕವಲಿನ ತುದಿಯವರೆಗೆ ಹೋಗಿ, ಖಾಲಿ ತುಂಬುತ್ತಾ ಬುಡಕ್ಕೆ ಬಂದು, ಆಮೇಲೆ ಮುಖ್ಯ ಗೆರೆ ಹಿಡಿಯಿರಿ. ಸೂಜಿ ಕವಲಿಗೆ ಹೊರಡುವಾಗ ಯಾವ ಬದಿಯಲ್ಲಿತ್ತೋ ಅದೇ ಬದಿಗೆ ಬಂದಿರುತ್ತದೆ. ಗೋಪುರದ ಕಳಶ, ತುಳಸಿಯ ಎಲೆ, ನವಿಲಿನ ಜುಟ್ಟು ಎಲ್ಲವೂ ಹೀಗೆ ಕವಲುಗಳೇ. ಈ ಮೂರು ವಾಕ್ಯ ಹಾಳೆಯಲ್ಲಿದ್ದಿದ್ದರೆ ಬಿಚ್ಚುವ ಕೆಲಸದಲ್ಲಿ ಅರ್ಧ ಉಳಿಯುತ್ತಿತ್ತು.

ಮುರಗಿಯೂ ಇದೇ ಲೆಕ್ಕ, ಮೆಟ್ಟಿಲಿನಂತೆ ಅಂಕುಡೊಂಕಾಗಿ ಹೋಗುತ್ತದೆ. ಹೋಗುವಾಗ ಮೆಟ್ಟಿಲಿನ ಅಡ್ಡ ಭಾಗ ಮುಂದೆ ಬಿದ್ದರೆ ನಿಂತ ಭಾಗ ಹಿಂದೆ, ಬರುವಾಗ ಅದಲುಬದಲು. ನೇಯ್ಗಿಯಲ್ಲಿ ಆರು ಚೌಕಕ್ಕಿಂತ ಉದ್ದದ ದಾರವನ್ನು ಸಡಿಲ ಬಿಡಬೇಡಿ, ಬಳೆಗೆ ಉಂಗುರಕ್ಕೆ ಸಿಕ್ಕಿಕೊಳ್ಳುತ್ತದೆ. ಮೆಂತಿಯಲ್ಲಿ ಮೇಲಿನ ಕಾಲುಗಳೆಲ್ಲ, ಅಂದರೆ ಗುಣಾಕಾರದಲ್ಲಿ ಮೇಲೆ ಬೀಳುವ ಓರೆಗೆರೆಗಳೆಲ್ಲ, ಒಂದೇ ಕಡೆ ವಾಲಿರಬೇಕು, ಅಷ್ಟೇ.

ಗಂಟಿಲ್ಲದೆ ಶುರು ಮಾಡುವುದನ್ನೂ ಹಾಳೆ ಹೇಳಿಕೊಡುವುದಿಲ್ಲ, ಬರೀ ನಿಷೇಧಿಸುತ್ತದೆ. ಹಿಂದೆ 5 ಸೆಂಟಿಮೀಟರ್ ಬಾಲ ಬಿಟ್ಟು ಶುರು ಮಾಡಿ, ಗೆರೆ ಮುಗಿದ ಮೇಲೆ ಆ ಬಾಲವನ್ನು ಸೂಜಿಗೆ ಪೋಣಿಸಿ ಹಿಂಬದಿಯ ಐದಾರು ಹೊಲಿಗೆಗಳ ಸುತ್ತ ಸುತ್ತಿಕೊಂಡು ಕತ್ತರಿಸಿ. ಗೋಡೆಗೆ ಹಾಕುವ ತುಂಡಿನಲ್ಲಿ ಸಣ್ಣ ಗಂಟು ಬಿದ್ದರೂ ಆಕಾಶ ಕಳಚುವುದಿಲ್ಲ, ಇಸ್ತ್ರಿ ಮಾಡಿದಾಗ ಮುಂದೆ ಒಂದು ಬೊಕ್ಕೆಯಂತೆ ಉಬ್ಬುತ್ತದೆ ಎಂಬುದೊಂದೇ ತೊಂದರೆ.

ಯಾವುದನ್ನು ಬಿಚ್ಚಬೇಕು

ತಪ್ಪು ಕಂಡ ಕೂಡಲೇ ಕತ್ತರಿ ಹುಡುಕುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಮುಂದಿನ ಹೊಲಿಗೆ ಇದರ ಮೇಲೆ ನಿಲ್ಲಬೇಕೆ? ಹೌದಾದರೆ ಬಿಚ್ಚಿ. ಅಲ್ಲವಾದರೆ ಮುಂದೆ ನಡೆಯಿರಿ.

ಎಣಿಕೆಯ ತಪ್ಪು ಬೆಳೆಯುವ ಜಾತಿಯದು. ಹೊರಗಿನ ಚೌಕಟ್ಟಿನ ಗೆರೆಯಲ್ಲಿ ಒಂದು ಚೌಕ ಹೆಚ್ಚಾದರೆ ನಾಲ್ಕನೇ ಮೂಲೆ ಕೂಡುವುದೇ ಇಲ್ಲ. ಒಳಗಿನ ನಕ್ಷೆಯೆಲ್ಲ ಅದನ್ನೇ ನೆಚ್ಚಿಕೊಂಡಿರುತ್ತದೆ. ಅದಕ್ಕೇ ಚೌಕಟ್ಟು ಹಾಕುವಾಗ ಮಾತ್ರ ಯಾರ ಜೊತೆಯೂ ಹರಟೆ ಬೇಡ. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ನಡುವನ್ನು ಗುರುತಿಸಿ, ಅಲ್ಲಿಂದ ಪ್ರತಿ 10 ಚೌಕಕ್ಕೊಂದು ತಿಳಿಬಣ್ಣದ ಹೊಲಿಗೆ ದಾರದಿಂದ ಕಚ್ಚಾ ಹೊಲಿಗೆ ಹಾಕಿಕೊಂಡರೆ ತಪ್ಪು ಹತ್ತು ಚೌಕದೊಳಗೇ ಸಿಕ್ಕಿಬೀಳುತ್ತದೆ. ಬಿಸಿಗೆ ಅಳಿಸುವ ಪೆನ್ನಿನಲ್ಲಿ ಗೆರೆ ಎಳೆಯುವ ಸಲಹೆ ಎಲ್ಲೆಲ್ಲೂ ಕಾಣುತ್ತದೆ. ಕಪ್ಪು ಬಟ್ಟೆಯ ಮೇಲೆ ಅದು ಮಾಸಲು ಬಿಳಿ ಗುರುತು ಬಿಡಬಹುದು, ವಿಪರೀತ ತಂಡಿಯಲ್ಲಿ ಅಳಿಸಿದ ಗೆರೆ ಮರಳಿ ಮೂಡುವುದೂ ಉಂಟು. ದಾರವೇ ವಾಸಿ.

ಎಣಿಕೆಯ ತಪ್ಪು ತಡವಾಗಿ ಕಂಡರೆ? ನಮ್ಮ ಲೆಕ್ಕದಲ್ಲಿ ಗಡಿ ಒಂದು ಸೂಜಿದಾರ. ತಪ್ಪು ಈಗ ಸೂಜಿಯಲ್ಲಿರುವ ದಾರದಲ್ಲೇ ಆಗಿದ್ದರೆ ಬಿಚ್ಚಿ. ಅದಕ್ಕಿಂತ ಹಿಂದಿನದಾದರೆ ಹೊಂದಿಸಿಕೊಳ್ಳಿ. ಹೊಂದಿಸುವುದಕ್ಕೆ ಹಳೆಯ ಉಪಾಯಗಳಿವೆ. ಗೋಪುರದ ಎಡಗಡೆ ಒಂದು ಮೆಟ್ಟಿಲು ಹೆಚ್ಚಾಗಿದ್ದರೆ ಬಲಗಡೆಯೂ ಅಷ್ಟೇ ಹೆಚ್ಚಿಸಿ. ಎರಡು ಕಡೆ ಆದದ್ದು ತಪ್ಪೆಂದು ಯಾರಿಗೂ ಅನಿಸುವುದಿಲ್ಲ. ಅಂಚಿನ ಸಾಲನ್ನು ಮೂಲೆಯಿಂದ ಶುರು ಮಾಡದೆ ಪ್ರತಿ ಬದಿಯ ನಡುವಿನಿಂದ ಶುರು ಮಾಡಿ ಮೂಲೆಯ ಕಡೆ ಸಾಗಿ. ಒಂದೆರಡು ಚೌಕದ ಅಂತರ ಬಂದರೆ ಅದು ಮೂಲೆಯಲ್ಲಿ ಬರುತ್ತದೆ, ಅಲ್ಲಿ ಒಂದು ಸಣ್ಣ ಕಮಲವನ್ನೋ ನಕ್ಷತ್ರವನ್ನೋ ಬೇರೆಯಾಗಿ ಕೂರಿಸಿದರೆ ಮುಗಿಯಿತು. ನವಿಲಿನ ಎದುರಿನ ಖಾಲಿ ಜಾಗ ಹೆಚ್ಚಾಗಿದ್ದರೆ ಒಂದು ಪುಟ್ಟ ಹೂವು. ಎರಡು ಗೆರೆ ಕೂಡುವಲ್ಲಿ ಒಂದು ಚೌಕ ತಪ್ಪಿದ್ದರೆ ಓರೆ ಹೊಲಿಗೆಯಿಂದ ಸೇರಿಸಿ.

ಬಿಗಿತದ ತಪ್ಪು ಎರಡನೆಯದು, ಇದನ್ನೂ ಬಿಚ್ಚಲೇಬೇಕು, ಅದೂ ಬೇಗ. ದಾರ ಜಗ್ಗಿ ಎಳೆದರೆ ಬಟ್ಟೆ ಸುಕ್ಕುಗಟ್ಟುತ್ತದೆ, ತೂತು ಬಾಯಿಬಿಡುತ್ತದೆ. ರಿಂಗಿನಲ್ಲಿದ್ದಾಗ ಕಾಣುವುದಿಲ್ಲ, ತೆಗೆದಾಗ ಕಾಣುತ್ತದೆ. ಇಸ್ತ್ರಿಯಿಂದ ಇದು ಸರಿಹೋಗದು. ಮೊದಲ ಸೂಜಿದಾರ ಮುಗಿದ ಕೂಡಲೇ ರಿಂಗ್ ಬಿಚ್ಚಿ ಬಟ್ಟೆಯನ್ನು ಮೇಜಿನ ಮೇಲೆ ಹರಡಿ ನೋಡಿ. ಸುಕ್ಕಿದ್ದರೆ ಅದನ್ನು ಮಾತ್ರ ಬಿಚ್ಚಿ, ಕೈ ಸಡಿಲಿಸಿ ಮತ್ತೆ ಶುರು ಮಾಡಿ. ವಿಚಿತ್ರವೆಂದರೆ ಬಿಗಿತದ ತಪ್ಪು ಹೆಚ್ಚಾಗಿ ಬರುವುದು ಅಜಾಗರೂಕರಿಗಲ್ಲ, ಅತಿ ಜಾಗರೂಕರಿಗೆ. ಹೊಲಿಗೆ ಕದಲಬಾರದೆಂದು ಪ್ರತಿ ಸಲವೂ ಇನ್ನೊಂದಿಷ್ಟು ಎಳೆಯುತ್ತಾರೆ.

ಉಳಿದವು ಇದ್ದಲ್ಲೇ ಇರುವ ತಪ್ಪುಗಳು. ಮೆಂತಿಯ ಒಂದು ಹೊಲಿಗೆಯ ಕಾಲು ಅಡ್ಡದಿಡ್ಡಿಯಾಗಿದೆ: ಹತ್ತಿ ದಾರದಲ್ಲಿ ಎರಡು ಅಡಿ ದೂರದಿಂದ ಕಾಣುವುದಿಲ್ಲ, ಬಿಡಿ. ರೇಷ್ಮೆ ದಾರದಲ್ಲಿ ಮಿರುಗು ತಿರುಗುವುದರಿಂದ ಕಾಣಬಹುದು. ಆಗಲೂ ಬಿಚ್ಚಬೇಕಿಲ್ಲ, ಸರಿಯಾದ ದಿಕ್ಕಿನಲ್ಲಿ ಅದರ ಮೇಲೊಂದು ಅರ್ಧ ಹೊಲಿಗೆ ಹಾಕಿದರಾಯಿತು. ಗವಂತಿಯಲ್ಲಿ ಒಂದು ಹೊಲಿಗೆ ಬಿಟ್ಟುಹೋಗಿದೆ: ಕೊನೆಗೆ ಒಂದು ತುಂಡು ದಾರದಿಂದ ತುಂಬಿ. ಹಿಂಬದಿಯಲ್ಲಿ ಮಾತ್ರ ಖಾಲಿ ಇದೆ: ಅಸ್ತರಿ ಬರುವ ವಸ್ತುವಾದರೆ ಮರೆತುಬಿಡಿ. ಎಲೆಗೆ ಹಾಕಬೇಕಾದ ಹಸಿರನ್ನು ಜುಟ್ಟಿಗೆ ಹಾಕಿದ್ದೀರಿ: ನವಿಲು ಬೇಡ ಅನ್ನುವುದಿಲ್ಲ. ಒಂದು ಓರೆಗೆರೆ ಪಕ್ಕದ ಓರೆಗೆರೆಗಿಂತ ಸ್ವಲ್ಪ ದಪ್ಪ ಕಾಣುತ್ತಿದೆ: ಒಗೆದ ಮೇಲೆ ದಾರ ಅರಳಿ ಆ ವ್ಯತ್ಯಾಸದಲ್ಲಿ ಹೆಚ್ಚಿನ ಪಾಲು ಮುಚ್ಚಿಹೋಗುತ್ತದೆ.

ಬಿಚ್ಚುವುದಕ್ಕೂ ಒಂದು ಕ್ರಮವಿದೆ. ಇಡೀ ದಾರವನ್ನು ಹಿಂದಕ್ಕೆ ಎಳೆಯಬೇಡಿ. ಹಿಂಬದಿಯಿಂದ ಸಣ್ಣ ಕತ್ತರಿಯಲ್ಲಿ ಮೂರು ನಾಲ್ಕು ಹೊಲಿಗೆಗೊಂದರಂತೆ ಕತ್ತರಿಸಿ, ಸೂಜಿಯ ಕಣ್ಣಿನ ತುದಿಯಿಂದ ಒಂದೊಂದೇ ಚೂರನ್ನು ಎತ್ತಿ ತೆಗೆಯಿರಿ. ಕಪ್ಪು ಬಟ್ಟೆಯಲ್ಲಿ ಕೆಂಪು ನವಿರು ಅಂಟಿಕೊಂಡು ಉಳಿಯುತ್ತದೆ. ಸೆಲ್ಲೋಟೇಪ್ ಒತ್ತಿ ಎತ್ತಿದರೆ ಬರುತ್ತದೆ. ಅಗಲವಾದ ತೂತನ್ನು ಒದ್ದೆ ಬೆರಳಿನಿಂದ ಸವರಿ ಉಗುರಿನಲ್ಲಿ ನೂಲನ್ನು ಜರುಗಿಸಿ ಒಣಗಲು ಬಿಡಿ. ಒಂದೇ ಜಾಗವನ್ನು ಎರಡು ಸಲಕ್ಕಿಂತ ಹೆಚ್ಚು ಬಿಚ್ಚಬೇಡಿ. ಮೂರನೆಯ ಸಲ ಹೊಲಿಗೆ ಎಷ್ಟೇ ಸರಿಯಾಗಿ ಬಿದ್ದರೂ ಕೆಳಗಿನ ಬಟ್ಟೆ ಸೋತಿರುತ್ತದೆ. ತಪ್ಪು ಹೊಲಿಗೆಗಿಂತ ಜುಂಜಾದ ಬಟ್ಟೆಯೇ ಹೆಚ್ಚು ಎದ್ದು ಕಾಣುತ್ತದೆ.

ಮನಸ್ಸಿನ ಭರವಸೆ ನಿಜವೇ

ಡಬ್ಬಿಯ ಮೇಲಿನ ಭರವಸೆಯನ್ನು ಪೂರ್ತಿ ತಳ್ಳಿಹಾಕಲಾಗದು, ಆದರೆ ಅದು ತಾನಾಗಿ ಬರುವುದಿಲ್ಲ. ಕೆನಡಾದ ಮನಶ್ಶಾಸ್ತ್ರಜ್ಞರಾದ ಪಾಲ್ ಹೆವಿಟ್ ಮತ್ತು ಗಾರ್ಡನ್ ಫ್ಲೆಟ್ 1991ರಲ್ಲಿ ಪರ್ಫೆಕ್ಷನಿಸಂ ಅನ್ನು, ಅಂದರೆ ಎಳ್ಳಷ್ಟೂ ತಪ್ಪಬಾರದು ಎಂಬ ಸ್ವಭಾವವನ್ನು, ಮೂರಾಗಿ ವಿಂಗಡಿಸಿದರು: ತಪ್ಪಿಲ್ಲದ ಕೆಲಸವನ್ನು ತನ್ನಿಂದ ತಾನೇ ಬಯಸುವುದು, ಬೇರೆಯವರಿಂದ ಬಯಸುವುದು, ಬೇರೆಯವರು ತನ್ನಿಂದ ಬಯಸುತ್ತಿದ್ದಾರೆ ಎಂದು ಭಾವಿಸುವುದು. ಸೆರಗು ಮಗುಚಿ ನೋಡುವ ಹಿರಿಯರು ಎದುರಿಗೆ ಇಲ್ಲದಾಗಲೂ ಅವರ ಕಣ್ಣಿಗೆ ಹೆದರಿ ಹೊಲಿಯುವುದು ಮೂರನೆಯ ಬಗೆ. 2002ರಲ್ಲಿ ಬ್ರಿಟನ್ನಿನ ರಾಝ್ ಶಾಫ್ರನ್, ಜಾಫ್ರಾ ಕೂಪರ್, ಕ್ರಿಸ್ಟೋಫರ್ ಫೇರ್‌ಬರ್ನ್ ಇನ್ನೊಂದು ಮುಖ್ಯ ಸಂಗತಿಯತ್ತ ಗಮನ ಸೆಳೆದರು. ಇಂಥವರು ತಾವೇ ಇಟ್ಟುಕೊಂಡ ಗುರಿ ಮುಟ್ಟಿದರೂ ಸಮಾಧಾನ ಪಡುವುದಿಲ್ಲ. ಗುರಿಯೇ ಸಣ್ಣದಾಗಿತ್ತು ಎಂದುಕೊಂಡು ಅದನ್ನು ಇನ್ನಷ್ಟು ಮೇಲಕ್ಕೇರಿಸುತ್ತಾರೆ. 14 ಕೌಂಟ್‌ನಲ್ಲಿ ತುಳಸಿಕಟ್ಟೆ ಚೊಕ್ಕವಾಗಿ ಬಂತೆಂದರೆ ‘ಅದೇನು ಮಹಾ, 18 ಕೌಂಟ್‌ನಲ್ಲಿ ಮಾಡಿದ್ದರೆ ಹೌದು’ ಎನ್ನುವ ಮಾತು ಕಸೂತಿ ಹಾಕುವವರ ನಡುವೆ ಹೊಸದಲ್ಲ.

ಈ ಸ್ವಭಾವಕ್ಕೆ ಅರಿವಿನ-ವರ್ತನೆ ಚಿಕಿತ್ಸೆಯಲ್ಲಿ ಬಳಸುವ ಒಂದು ವಿಧಾನ, ಭಯಪಡುವ ತಪ್ಪನ್ನು ಬೇಕೆಂದೇ ಸಣ್ಣ ಪ್ರಮಾಣದಲ್ಲಿ ಮಾಡಿ ಏನಾಗುತ್ತದೆ ಎಂದು ಪರೀಕ್ಷಿಸುವುದು. ಕಿಟ್‌ನ ನಾಲ್ಕು ನಕ್ಷೆಗಳಲ್ಲಿ ಅತಿ ಸಣ್ಣದಾದ ತುಳಸಿಕಟ್ಟೆ ಅದಕ್ಕೆ ತಕ್ಕದ್ದು. ಹೊಲಿಯುವ ಮೊದಲು ಒಂದು ಚೀಟಿಯಲ್ಲಿ ಬರೆಯಿರಿ: ಎಷ್ಟು ತಪ್ಪು ಉಳಿಸುತ್ತೇನೆ, ನೋಡಿದವರು ಏನನ್ನುತ್ತಾರೆ ಎಂದು ನನ್ನ ಊಹೆ, ಆಗ ನನಗೆ ಎಷ್ಟು ಕಸಿವಿಸಿಯಾಗಬಹುದು, ಹತ್ತಕ್ಕೆ ಇಷ್ಟು. ಇದ್ದಲ್ಲೇ ಇರುವ ಜಾತಿಯ ಮೂರು ತಪ್ಪುಗಳನ್ನು ಉಳಿಸಿ ಮುಗಿಸಿ. ಎಣಿಕೆಯದ್ದು, ಬಿಗಿತದ್ದು ಬೇಡ, ಅವು ಕೆಲಸವನ್ನೇ ಕೆಡಿಸುತ್ತವೆ. ದಿನಕ್ಕೆ 40 ನಿಮಿಷ ಎಂದು ಮೊಬೈಲಿನಲ್ಲಿ ಅಲಾರಾಂ ಇಡಿ, ಗೆರೆ ಅರ್ಧದಲ್ಲಿದ್ದರೂ ಸೂಜಿ ಕೆಳಗಿಡಿ. ಆಮೇಲೆ ಜನ ಓಡಾಡುವ ಕಡೆ ಒಂದು ವಾರ ತೂಗುಹಾಕಿ, ನೋಡಿದವರಿಗೆ ತಪ್ಪುಗಳನ್ನು ನೀವಾಗಿ ತೋರಿಸಬೇಡಿ. ಇದು ಕಷ್ಟದ ಭಾಗ. ಯಾರಾದರೂ ‘ಚೆಂದಿದೆ’ ಅಂದ ತಕ್ಷಣ ‘ಅಯ್ಯೋ, ಇಲ್ಲಿ ನೋಡ್ರೀ, ತಪ್ಪಿಬಿಟ್ಟಿದೆ’ ಎನ್ನಲು ನಾಲಿಗೆ ತುದಿಗೆ ಬಂದಿರುತ್ತದೆ. ವಾರದ ಕೊನೆಗೆ ಚೀಟಿ ತೆಗೆದು, ಊಹಿಸಿದ್ದೇನು, ಆದದ್ದೇನು ಎಂದು ಪಕ್ಕದಲ್ಲಿ ಬರೆಯಿರಿ. ಒಬ್ಬರಿಬ್ಬರು ತಪ್ಪು ಗುರುತಿಸಲೂಬಹುದು. ಆಗಲೂ ಏನಾಯಿತು ಎಂಬುದನ್ನೇ ಬರೆಯಬೇಕು.

ಇದು ಚಿಕಿತ್ಸೆಯ ಬದಲಿಯಲ್ಲ. ತಪ್ಪಿನ ಭಯದಿಂದ ನಿದ್ದೆ, ಊಟ, ಓದು, ಕೆಲಸ ಕೆಡುತ್ತಿದ್ದರೆ ಸೂಜಿದಾರದಿಂದ ಆಗುವ ಕೆಲಸ ಅದಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ಶುಲ್ಕವಿಲ್ಲ.

ಕೊಳ್ಳಬೇಕೆ

ಮೊದಲ ಸಲ ಸೂಜಿ ಹಿಡಿಯುವವರಿಗೆ, ಊರಲ್ಲಿ ಒಳ್ಳೆಯ ದಾರದ ಅಂಗಡಿ ಇಲ್ಲದವರಿಗೆ, ಪರದೇಶದಲ್ಲಿರುವ ಮಗಳಿಗೋ ಸೊಸೆಗೋ ಕಳಿಸುವವರಿಗೆ ಕಿಟ್ ಸರಿ. ಹಾಳೆಯ ಹಿಂಬದಿಯಲ್ಲಿ ಮೇಲಿನ ಬಿಚ್ಚುವ-ಬಿಡುವ ಲೆಕ್ಕ ಬರೆದು ಕಳಿಸಿ. ಅಂಗಡಿ ಹತ್ತಿರವಿದ್ದವರು ಬಿಡಿಯಾಗಿ ಕೊಳ್ಳುವುದೇ ಲೇಸು: ಅರ್ಧ ಮೀಟರ್ ಕೆನೆಬಣ್ಣದ 14 ಕೌಂಟ್ ಐಡಾ, ಕೆಂಪು, ಹಸಿರು, ಹಳದಿ, ಕಪ್ಪು ಒಂದೊಂದು ಲಡಿ, 24 ನಂಬರ್ ಸೂಜಿ. ಕೆಂಪಿಗೆ ಆಂಕರ್ 46 ಅಥವಾ ಡಿಎಂಸಿ 666, ಕಪ್ಪಿಗೆ ಆಂಕರ್ 403 ಅಥವಾ ಡಿಎಂಸಿ 310 ಎಂದು ಕೇಳಿ. ದಾರ ಮುಗಿದಾಗ ಅದೇ ಬಣ್ಣ ಮತ್ತೆ ಸಿಗುತ್ತದೆ. ಕಿಟ್‌ನ ದಾರಕ್ಕೆ ನಂಬರ್ ಚೀಟಿ ಇಲ್ಲದಿದ್ದರೆ ಅರ್ಧ ನವಿಲಿಗೆ ಬಣ್ಣ ಹುಡುಕುತ್ತಾ ಅಲೆಯಬೇಕಾಗುತ್ತದೆ.

ಕಿಟ್ ಮುಗಿಸಿ ನೇರವಾಗಿ ಸೀರೆಗೆ ಹಾರುವ ಆಸೆಯಿದ್ದರೆ ನಡುವೆ ಒಂದು ಮೆಟ್ಟಿಲು ಇದೆ. ತೂತು ಕಾಣದ ಬಟ್ಟೆಯ ಮೇಲೆ ಕ್ಯಾನ್ವಾಸ್ ನೆಟ್ ಇಟ್ಟು ಕಚ್ಚಾ ಹೊಲಿದು, ಅದರ ಚೌಕ ಎಣಿಸಿ ಕಸೂತಿ ಹಾಕಿ, ಆಮೇಲೆ ನೆಟ್ಟನ್ನು ಒದ್ದೆ ಮಾಡಿ ಅದರ ಎಳೆಗಳನ್ನು ಚಿಮುಟದಿಂದ ಒಂದೊಂದಾಗಿ ಎಳೆದು ತೆಗೆಯುವುದು. ಇಲ್ಲಿ ದಾರವನ್ನು ಐಡಾದಲ್ಲಿ ಎಳೆದದ್ದಕ್ಕಿಂತ ತುಸು ಬಿಗಿ ಹಿಡಿಯಬೇಕು, ಇಲ್ಲವಾದರೆ ನೆಟ್ ತೆಗೆದ ಮೇಲೆ ಹೊಲಿಗೆ ಸಡಿಲವಾಗಿ ತೇಲುತ್ತದೆ.

ಮಾರುಕಟ್ಟೆಯಲ್ಲಿ ಕಸೂತಿ ಎಂದು ಮಾರುವುದರಲ್ಲಿ ಯಂತ್ರದ್ದೂ ಬಹಳ. ಗುರುತು ಹಿಡಿಯಲು ಹಿಂಬದಿ ನೋಡಿ: ಯಂತ್ರದ್ದಾದರೆ ಹಿಂದೆ ಬಾಬಿನ್ ದಾರ ಸಾಮಾನ್ಯವಾಗಿ ಬೇರೆ ಬಣ್ಣದಲ್ಲಿರುತ್ತದೆ, ಹಲವು ಸಲ ಅಂಟಿಸಿದ ಕಾಗದದಂಥ ಪದರವೂ ಇರುತ್ತದೆ. ಕೊಳ್ಳುವಾಗ ಮಗುಚಿ ನೋಡುವುದಕ್ಕೆ ನಮ್ಮ ವಿರೋಧವಿಲ್ಲ.

ಕೊನೆಯದಾಗಿ ಒಗೆಯುವ ವಿಚಾರ. ಹೊಲಿಯುವ ಮೊದಲೇ ಕೆಂಪು, ಕಪ್ಪು ದಾರದ ತುಂಡನ್ನು ನೀರಲ್ಲಿ ಅದ್ದಿ ಬಿಳಿ ಕರ್ಚೀಫಿನ ನಡುವೆ ಇಟ್ಟು ಇಸ್ತ್ರಿ ಒತ್ತಿ. ಬಣ್ಣ ಹತ್ತಿದರೆ ಆ ಲಡಿ ಬೇಡ. ಮುಗಿದ ಮೇಲೆ ತಣ್ಣೀರಿನಲ್ಲಿ, ಸೌಮ್ಯ ಸೋಪಿನಲ್ಲಿ ಅದ್ದಿ ತೆಗೆಯಿರಿ, ಹಿಂಡಬೇಡಿ. ಟವೆಲಿನಲ್ಲಿ ಸುರುಳಿ ಸುತ್ತಿ ನೀರು ಒತ್ತಿ ತೆಗೆಯಿರಿ. ಒಗೆಯುವಾಗಲೇ ಬಣ್ಣ ಬಿಟ್ಟರೆ ಒಣಗಲು ಬಿಡದೆ, ನೀರು ತಿಳಿಯಾಗುವವರೆಗೂ ತಣ್ಣೀರು ಬದಲಿಸುತ್ತಾ ಜಾಲಿಸಿ. ಇಸ್ತ್ರಿ ಮಾಡುವಾಗ ದಪ್ಪ ಟವೆಲ್ ಹಾಸಿ, ಕಸೂತಿಯ ಮುಖ ಕೆಳಗೆ ಮಾಡಿ, ಹಿಂಬದಿಯಿಂದ ಒತ್ತಿ; ಮುಂದಿನಿಂದ ಒತ್ತಿದರೆ ಹೊಲಿಗೆಗಳು ಚಪ್ಪಟೆಯಾಗುತ್ತವೆ.